ಬರ್ತೀನಿ ಅಂದ್ರಾ, ಬರ್ತಾ ಇದೀನಿ ಅಂದ್ರಾ?

2023ರಲ್ಲಿ ನಾನು ತುಮಕೂರಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ವಿದೇಶ ಪ್ರವಾಸಗಳ ಆಪರೇಷನ್ಸ್ ಡೆಸ್ಕ್ ನೋಡಿಕೊಳ್ಳುತ್ತಿದ್ದೆ. ಆಪರೇಷನ್ಸ್ ಅಂದರೆ ಜನ ಹೊರಟ ಮೇಲಿನ ಕೆಲಸ. ಬಸ್ಸು ಬಂತೇ, ಹೋಟೆಲಿನವರು ರೂಮು ಕೊಟ್ಟರೇ, ಯಾರದಾದರೂ ಹೊಟ್ಟೆ ಕೆಟ್ಟಿತೇ. ನಾನು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಬಿ.ಎಚ್. ರಸ್ತೆಯಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಕೂತು, ನೋಡದ ಊರುಗಳಲ್ಲಿ ಜನರನ್ನು ನಡೆಸುತ್ತಿದ್ದೆ. ದಕ್ಷಿಣ ಇಟಲಿಯ ಹಳ್ಳಿಗಾಡು ನನಗೆ ಗೊತ್ತಿದ್ದದ್ದು ಸ್ಯಾಟಲೈಟ್ ಮ್ಯಾಪಿನಲ್ಲಿ, ಮೇಲಿನಿಂದ: ಕೆಂಪು ನೆಲ, ಅದರ ಮೇಲೆ ಚುಕ್ಕಿ ಇಟ್ಟ ಹಾಗೆ ಆಲಿವ್ ಮರಗಳು, ನಡುವೆ ಗಾರೆಯಿಲ್ಲದೆ ಜೋಡಿಸಿದ ಕಲ್ಲುಗೋಡೆಗಳ ಗೆರೆ. ಮೇಲಿನಿಂದ ನೋಡಿದರೆ ಗುಬ್ಬಿಯ ಕಡೆಯ ತೆಂಗಿನ ತೋಟಗಳೂ ಹೆಚ್ಚು ಕಡಿಮೆ ಹಾಗೇ ಕಾಣುತ್ತವೆ. ಚುಕ್ಕಿ, ಗೆರೆ. ಮನುಷ್ಯರು ಕಾಣುವುದಿಲ್ಲ.

ಮುಂದೆ ಹೇಳುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಒಂದೂ ಇಲ್ಲ, ಎಲ್ಲ ಕಿವಿಯಲ್ಲಿ ಕೇಳಿದ್ದು. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅಲ್ಲಿಯ ಸೂರ್ಯ ಸ್ವಲ್ಪ ಕೆಳಗಿಳಿದಿದ್ದಾನೆ, ಕಣಿವೆ ಸ್ವಲ್ಪ ಆಳವಾಗಿದೆ. ಅದನ್ನು ಲೆಕ್ಕಕ್ಕೆ ಹಿಡಿದು ಓದಿಕೊಳ್ಳಿ.

ಅಕ್ಟೋಬರಿನ ಆ ಗುಂಪು ಬಹುಪಾಲು ಗುಬ್ಬಿ, ಕುಣಿಗಲ್ ಕಡೆಯ ಗಂಡ ಹೆಂಡತಿಯರದು. ಕುಣಿಗಲ್ಲಿನ ನಾಗರಾಜು ಎಂಬವರು ಸೇರಿಸಿದ್ದರು. ರೋಮ್, ವೆನಿಸ್ ಎಲ್ಲ ನೋಡಿದವರು. ಈ ಸಲ ಹಳ್ಳಿ, ಹಳೆಯ ಕಟ್ಟಡ, ಬಂಡೆಯಲ್ಲಿ ಕೊರೆದ ಮನೆಗಳನ್ನು ನೋಡಬೇಕೆಂದು ಹಟ. ಅವರ ಅಕ್ಕ ಸರೋಜಮ್ಮ ಮತ್ತು ಭಾವ ಗಂಗಾಧರಯ್ಯ ಕೂಡ ಇದ್ದರು. ಗಂಗಾಧರಯ್ಯ ಗುಬ್ಬಿಯವರು. ಅಂತರಸನಹಳ್ಳಿಯಲ್ಲಿ ಬಹಳ ಕಾಲ ತಗಡು ಒತ್ತುವ ಪ್ರೆಸ್‌ಗಳ ವರ್ಕ್‌ಶಾಪ್ ನಡೆಸಿ ಆಗಷ್ಟೇ ಮಾರಿದ್ದರು. ಆ ಪ್ರೆಸ್‌ಗಳ ಸದ್ದು ಅವರ ಕಿವಿ ತಿಂದಿತ್ತು. ಕಿವಿಗೆ ಮಷೀನು ಹಾಕಿಕೊಂಡರೆ ಎದುರು ಕೂತವರ ಮಾತು ಅಷ್ಟಿಷ್ಟು ಕೇಳುತ್ತಿತ್ತು. ಫೋನಿನಲ್ಲಿ ಏನೂ ಕೇಳುತ್ತಿರಲಿಲ್ಲ. ಅದಕ್ಕೇ ಬಟನ್ ಫೋನು. ಕರೆ ಮಾಡುವುದು, ಹೇಳಬೇಕಾದ್ದು ಹೇಳುವುದು, ಕಟ್ ಮಾಡುವುದು. ಮನೆಯವರಿಗೆಲ್ಲ ಅದು ರೂಢಿಯಾಗಿತ್ತು.

ಆ ದಿನ ನಾಗರಾಜು ಫೋನ್ ಮಾಡಿದಾಗ ಇಲ್ಲಿ ಸಂಜೆ ಆರೂವರೆ. ಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ಇನ್ನೂ ಮಧ್ಯಾಹ್ನದ ಬಿಸಿಲು.

"ಮೇಡಮ್, ನಮ್ಮ ಭಾವ ಒಂದ್ಸ್ವಲ್ಪ ಕಾಣ್ತಿಲ್ಲ," ಎಂದರು, ಬಸ್ಸಿನಲ್ಲಿ ಚೀಲ ಮರೆತವರ ಧಾಟಿಯಲ್ಲಿ.

ಮಸ್ಸೇರಿಯಾದಲ್ಲಿ ಊಟ ಮುಗಿಸಿದ್ದರು. ಮಸ್ಸೇರಿಯಾ ಅಂದರೆ ಆ ಕಡೆಯ ಹಳೆಯ ತೋಟದ ಮನೆ; ಕಳ್ಳಕಾಕರಿಗೆ ಹೆದರಿ ಕೋಟೆಯ ಹಾಗೆ ಕಟ್ಟಿದ್ದು. ಎಣ್ಣೆ ಗಾಣ ನೋಡಿ ಎಲ್ಲರೂ ಬಸ್ಸು ಹತ್ತಿದರು, ಗಂಗಾಧರಯ್ಯ ಹತ್ತಲಿಲ್ಲ. ಅಷ್ಟರಲ್ಲಿ ಸರೋಜಮ್ಮನಿಗೆ ಅವರ ಫೋನು ಬಂತು.

"ಏನಂದ್ರು?"

"ಬರ್ತೀನಿ ಅಂದ್ರಂತೆ. ಅದಕ್ಕೇ ಕಾಯ್ತಾ ಇದೀವಿ. ಅರ್ಧ ಗಂಟೆ ಆಯ್ತು. ಈ ಗೈಡಮ್ಮ ಸುಮ್ನೆ ಟೆನ್ಷನ್ ಮಾಡ್ಕೋತಾಳೆ."

ಗೈಡ್ ಜೂಲಿಯಾ ಟೆನ್ಷನ್ ಮಾಡಿಕೊಂಡದ್ದಕ್ಕೆ ಕಾರಣವಿತ್ತು. ಅಲ್ಲಿ ಬಸ್ಸಿನ ಡ್ರೈವರ್ ದಿನಕ್ಕೆ ಇಷ್ಟೇ ಹೊತ್ತು ಓಡಿಸಬೇಕೆಂಬ ಕಾನೂನಿದೆ, ಮೀರುವ ಹಾಗಿಲ್ಲ. ಇನ್ನೊಂದು ಗಂಟೆಯೊಳಗೆ ಹೊರಡದಿದ್ದರೆ ಬಸ್ಸು ಅಲ್ಲೇ. ಹೊರಟರೆ ಗಂಗಾಧರಯ್ಯ ಅಲ್ಲೇ. ಭಾಷೆ ಬರದ, ಕಿವಿ ಕೇಳದ ಮನುಷ್ಯ, ಪಾಸ್‌ಪೋರ್ಟು ಹೆಂಡತಿಯ ಚೀಲದಲ್ಲಿ. ಯಾರೂ ಹುಡುಕಲು ಹೋಗಿರಲಿಲ್ಲ, ಯಾಕೆಂದರೆ "ಬರ್ತೀನಿ" ಅಂದಿದ್ದಾರಲ್ಲ. ನಾಗರಾಜು ಜೂಲಿಯಾಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದ್ದರು: ಅವರು ಬರುತ್ತಿದ್ದಾರೆ.

ನಾನು ಸರೋಜಮ್ಮನಿಗೆ ಫೋನು ಕೊಡಿ ಅಂದೆ.

"ಸರೋಜಮ್ಮ, ಅವರು ಬರ್ತೀನಿ ಅಂದ್ರಾ, ಬರ್ತಾ ಇದೀನಿ ಅಂದ್ರಾ?"

ಹಿಂದಿನಿಂದ ನಾಗರಾಜು ದನಿ: "ಮೇಡಮ್, ವ್ಯಾಕರಣ ಆಮೇಲ್ ಮಾಡಣ ಬುಡಿ."

ಬಸ್ಸಿನೊಳಗೆ ಯಾರೋ ಚಿಪ್ಸ್ ಪೊಟ್ಟಣ ಹರಿದದ್ದು ಕೇಳಿಸಿತು. "ಬರ್ತೀನಿ ಅಂದ್ರು," ಎಂದರು ಸರೋಜಮ್ಮ. "ಬರ್ತೀನಿ ಸರೋಜ, ಅಂದ್ರು. ಅಷ್ಟೇ." ಆಮೇಲೆ, "ಹೊಸಲು ದಾಟೋವಾಗ ಅಂತಾರಲ್ಲಮ್ಮ, ಹಂಗೆ."

ನಮ್ಮಲ್ಲಿ ಯಾರೂ ಹೋಗ್ತೀನಿ ಅನ್ನುವುದಿಲ್ಲ. ಊರು ಬಿಡುವವರೂ ಬರ್ತೀನಿ ಅನ್ನುತ್ತಾರೆ. ಅಪಶಕುನ ತಪ್ಪಿಸಲು ಹಿರಿಯರು ಮಾಡಿದ ಏರ್ಪಾಡು. ಅದರ ನೆರಳಿನಲ್ಲಿ ಬಸ್ಸು ತುಂಬ ಜನ ಅರ್ಧ ಗಂಟೆ ಚಿಪ್ಸ್ ತಿಂದಿದ್ದರು.

ಸರೋಜಮ್ಮನನ್ನು ಲೈನಿನಲ್ಲಿ ಇಟ್ಟುಕೊಂಡಿದ್ದಾಗಲೇ ಆಫೀಸಿನ ಇನ್ನೊಂದು ಫೋನು ಬಡಿದುಕೊಂಡಿತು. ಪ್ರವಾಸಿಗಳ ಕೊರಳ ಕಾರ್ಡಿನಲ್ಲಿ ಅಚ್ಚಾಗಿರುವ ನಂಬರು ಅದು. ಎತ್ತಿ ಎಡಗಿವಿಗೆ ಇಟ್ಟೆ.

"ಅಮ್ಮ, ನಾನು ಗಂಗಾಧರಯ್ಯ. ಇದೀರಾ? ಇದ್ರೂ ನಂಗೆ ಗೊತ್ತಾಗಲ್ಲ, ಇರಲಿ." ಕಿವಿ ಕೇಳದವರ ಎತ್ತರದ, ಏರಿಳಿತವಿಲ್ಲದ ದನಿ. "ಬಸ್ಸೋರಿಗೆ ಹೊರಡೋಕೆ ಹೇಳಿ. ನನಗೋಸ್ಕರ ಕಾಯೋದ್ ಬ್ಯಾಡ. ಅವಳಿಗೆ ಹೇಳಿದ್ರೆ ಗಾಬ್ರಿ ಆಗ್ತಾಳೆ, ನೀವೇ ಸಮಾಧಾನವಾಗ್ ಹೇಳ್ಬುಡಿ."

ಎಲ್ಲಿದ್ದೀರಿ ಎಂದು ನಾನು ಕೇಳಿದೆ. ಕೇಳಿ ಏನು ಪ್ರಯೋಜನ ಎಂದು ಆಮೇಲೆ ಹೊಳೆಯಿತು. ಆದರೆ ಅವರು ತಾವಾಗಿಯೇ ಹೇಳುತ್ತ ಹೋದರು. ಜನ ಮಾತಾಡುವ ಹಾಗೆ ಅಲ್ಲ. ಕತ್ತಲಲ್ಲಿ ಕೈಯಾಡಿಸುವವರು ಸಿಕ್ಕಿದ್ದನ್ನೆಲ್ಲ ಹೆಸರಿಟ್ಟು ಮುಟ್ಟುವ ಹಾಗೆ.

"ಇಲ್ಲೊಂದು ಗುಡಿ ಇದೆ. ಬಂಡೆ ಕೊರೆದು ಮಾಡವ್ರೆ. ಬಾಗಿಲಿಲ್ಲ. ಗೋಡೆ ಮೇಲೆ ದೇವ್ರ ಚಿತ್ರ. ಮುಖ ಎಲ್ಲ ಅಳಿಸೋಗದೆ, ಕಣ್ಣು ಮಾತ್ರ ಉಳ್ಕೊಂಡದೆ. ಮುಂದ್ಗಡೆ ಪಾಪಾಸ್‌ಕಳ್ಳಿ, ನಮ್ಮದೇ. ಹಣ್ಣು ಬಿಟ್ಟದೆ. ಕೆಳಗೆ ಆಳ. ಆ ದಡದಲ್ಲಿ ಬಸ್ಸು ಕಾಣ್ತದೆ. ನಮ್ಮ ಕಡಬದ ಕೆರೆ ಏರಿ ಮೇಲ್ ನಿಂತು ಆ ತುದಿ ನೋಡ್ದಷ್ಟು ದೂರ."

ಬಸ್ಸು ಕಾಣುವವರು ದಾರಿ ತಪ್ಪಿದವರಲ್ಲ.

"ಮೂರು ದಿನದಿಂದ ನೋಡ್ತಾನೇ ಇದೀನಿ ತಾಯಿ," ಅವರು ಹೇಳುತ್ತಿದ್ದರು. "ಗೈಡಮ್ಮ ಮೈಕಲ್ಲಿ ಹೇಳೋದನ್ನ ಎಲ್ರೂ ಕಿವಿಗೆ ಒಂದು ವೈರ್ ಸಿಗಿಸ್ಕೊಂಡು ಕೇಳ್ತಾರೆ, ತಲೆ ಆಡಿಸ್ತಾರೆ, ನಗ್ತಾರೆ. ನಂದು ಮಷೀನ್ ಮೇಲೆ ಅದು ಕೂರಲ್ಲ. ಏನಂದ್ಳು ಅಂತ ನಾಗನ್ನ ಕೇಳುದ್ರೆ ಆಮೇಲ್ ಹೇಳ್ತೀನಿ ಭಾವ, ಆಮೇಲ್ ಹೇಳ್ತೀನಿ. ರಾತ್ರಿ ಊಟಕ್ ಕೂತಾಗ ಕೇಳುದ್ರೆ, ಏನೋ ಕಲ್ಲು ಅಂದ್ಳು ಬುಡಿ ಭಾವ, ಅಂತಾನೆ. ವರ್ಕ್‌ಶಾಪಲ್ಲಿ ಯಾರಿಗೂ ಏನೂ ಕೇಳ್ತಿರ್ಲಿಲ್ಲ, ಎಲ್ರೂ ಸಮ. ಇಲ್ಲಿ ಈ ಗುಡೀಲಿ ಹೇಳೋರೇ ಇಲ್ಲ. ಇಲ್ಲೂ ಸಮ. ಕೂತ್ಕೋತೀನಿ."

ಎಷ್ಟು ಹೊತ್ತು, ಆಮೇಲೇನು, ಅದನ್ನು ಅವರು ಹೇಳಲಿಲ್ಲ. ಕೆಳಗೆ ಆಳ ಎಂಬ ಮಾತು ನನ್ನ ಕಿವಿಯಲ್ಲೇ ನಿಂತಿತ್ತು.

ಅವರು ಕಟ್ ಮಾಡದೆ ಮಾತಾಡುತ್ತಲೇ ಇದ್ದರು; ಕೇಳಿದ್ದರಲ್ಲಿ ಗುರುತುಗಳನ್ನಷ್ಟೇ, ಸ್ಪೀಕರ್ ಹಾಕಿಸಿ, ಇನ್ನೊಂದು ಫೋನಿಗೆ ದಾಟಿಸಿದೆ. ಜೂಲಿಯಾಗೆ ಆ ಗುಡಿ ಗೊತ್ತಿತ್ತು. ಬಹಳ ಹಿಂದೆ ಕ್ರೈಸ್ತ ಸನ್ಯಾಸಿಗಳು ಕೊರೆದದ್ದಂತೆ; ಹಾದಿ ಒರಟೆಂದು ಪ್ರವಾಸದಲ್ಲಿ ಸೇರಿಸುವುದಿಲ್ಲ. ಕಣಿವೆ ಇಳಿದು ಹತ್ತಿದರೆ ಇಪ್ಪತ್ತು ನಿಮಿಷ, ತಾನೇ ಹೋಗುತ್ತೇನೆ ಎಂದಳು. ಗೈಡ್ ಹತ್ತಿ ಬರುವುದನ್ನು ಕಂಡರೆ ಅವರು ಇನ್ನೂ ಮುಂದೆ ಹೋಗುತ್ತಾರೇನೋ ಎಂದು ನನಗೆ ಭಯ. ಹಾರ್ನ್ ಹೊಡೆಸೋಣ ಎಂದರು ನಾಗರಾಜು.

"ಏನ್ಲಾ ನಾಗ, ಅವರಿಗೆ ಹಾರ್ನ್ ಕೇಳಿಸ್ತದೇನ್ಲಾ?" ಸರೋಜಮ್ಮನ ದನಿ ಮೊದಲ ಸಲ ಗಡುಸಾಯಿತು. "ಅಮ್ಮ, ಆ ಡ್ರೈವರ್‌ಗೆ ಲೈಟ್ ಹಾಕಕ್ಕೇಳಿ. ಹಾಕೋದು, ಆರ್ಸೋದು. ವರ್ಕ್‌ಶಾಪಲ್ಲಿ ಊಟಕ್ ಕರೆಯೋಕೆ ನಾನು ಟ್ಯೂಬ್‌ಲೈಟ್ ಹಂಗೇ ಮಾಡ್ತಿದ್ದೆ. ಕೂಗಿದ್ರೆ ಯಾರಿಗ್ ಕೇಳ್ಬೇಕು?"

ನಾನು ಕೇಳಿಕೊಂಡೆ, ಜೂಲಿಯಾ ಡ್ರೈವರನಿಗೆ ಹೇಳಿದಳು. ಅವನು ಹೆಡ್‌ಲೈಟ್ ಹಾಕಿ ಆರಿಸತೊಡಗಿದ. ಅಷ್ಟು ಬಿಸಿಲಲ್ಲಿ ಅದು ಕಾಣಿಸೀತೇ ಎಂಬ ಅನುಮಾನ ನನಗೆ.

ಎಡಗಿವಿಯಲ್ಲಿ ಗಂಗಾಧರಯ್ಯ ಮಾತು ನಿಲ್ಲಿಸಿದರು.

"ಲೈಟ್ ಹಾಕ್ತಾವ್ರೆ," ಎಂದರು. ಸ್ವಲ್ಪ ಹೊತ್ತಿಗೆ: "ಅವಳ್ ಇಳಿದ್ಲು."

ಬಲಗಿವಿಯಲ್ಲಿ ಸರೋಜಮ್ಮನ ಚಪ್ಪಲಿ ಜಲ್ಲಿಯ ಮೇಲೆ ಕರಕರ ಎನ್ನುತ್ತಿತ್ತು. "ಎಲ್ಲಿಗ್ ಹೋಗ್ತೀರಾ?" ಎಂದೆ.

"ಅವರ್ ಬರ್ದಿದ್ರೆ ನಾನ್ ಹೋಗ್ಬೇಕಲ್ಲ. ದಾರಿ ಇದ್ದೇ ಇರ್ತದೆ."

"ಮಂಡಿ ಆಪರೇಷನ್ ಆಗಿರೋಳು ಅವಳು," ಎಡಗಿವಿ. "ಏ. ಏ, ಇಳೀಬ್ಯಾಡ ಕಣೇ. ಅಲ್ಲಿ ಕಲ್ಲು ಜಾರ್ತದೆ." ಕಣಿವೆಯ ಆಚೆಗೆ ಕೂಗುತ್ತಿದ್ದರು. ಅದು ಸರೋಜಮ್ಮನಿಗೆ ಕೇಳುವ ದೂರವಲ್ಲ. ಕೇಳುತ್ತಿದ್ದದ್ದು ತುಮಕೂರಿನಲ್ಲಿದ್ದ ನನಗೆ ಮಾತ್ರ. ನಾನು ಬಲಗಿವಿಗೆ, "ನಿಂತ್ಕೊಳ್ಳಿ, ಇಳೀಬೇಡಿ ಅಂತಿದಾರೆ," ಎಂದೆ. ಸರೋಜಮ್ಮ ನಿಲ್ಲಲಿಲ್ಲ. "ಅಂತಾರೆ, ಅಂತಾರೆ," ಎಂದು ಇಳಿಯುತ್ತಲೇ ಹೋದರು. ಉಸಿರು ಏರಿತ್ತು.

"ನಿಂತ್ಕೊಳೇ. ಬರ್ತಾ ಇದೀನಿ. ಬರ್ತಾ ಇದೀನಿ ಅಂದ್ನಲ್ಲ, ನಿಂತ್ಕೊ."

ಫೋನು ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ಬಲಗಿವಿಯೂ ಹೋಯಿತು. ಕಣಿವೆಯೊಳಗೆ ಸಿಗ್ನಲ್ ಇಲ್ಲವೆಂದು ಜೂಲಿಯಾ ಆಮೇಲೆ ಹೇಳಿದಳು. ಎರಡು ಮೂಕ ಫೋನುಗಳನ್ನು ಹಿಡಿದು ನಾನು ಕೂತೆ. ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಕೆಳಗೆ ಬೇಕರಿಯವರು ಬನ್ನಿನ ಟ್ರೇ ಎಳೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಸ್ಯಾಟಲೈಟ್ ಚಿತ್ರ ತೆರೆದೇ ಇತ್ತು. ಕಣಿವೆ ಒಂದು ಕಪ್ಪು ಬಿರುಕು. ಅದರ ಎರಡು ದಡಗಳಿಂದ ಇಬ್ಬರು ಮುದುಕರು ಇಳಿಯುತ್ತಿರಬೇಕು. ಚಿತ್ರ ಎಂದೋ ತೆಗೆದದ್ದು, ಅದರಲ್ಲಿ ಯಾರೂ ಇಲ್ಲ. ಆದರೂ ಅದನ್ನೇ ನೋಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ನಾಗರಾಜು ಫೋನ್ ಮಾಡಿದರು. ಇಬ್ಬರೂ ಬಸ್ಸು ಹತ್ತಿದ್ದರು. ಡ್ರೈವರ್ ಸಿಡುಕುತ್ತಿದ್ದ. "ಭಾವ ಏನೂ ಮಾತಾಡ್ತಿಲ್ಲ ಮೇಡಮ್," ಎಂದರು. ನೀವು ಮಾತಾಡಿಸಿ ಎಂದೆ. "ಏನಂತ?" ಎಂದರು. ತಮಾಷೆಗಲ್ಲ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕತೆ ಚೆನ್ನಾಗಿರುತ್ತದೆ. ಬರ್ತೀನಿ ಎಂದು ಹೊರಟ ಮನುಷ್ಯ ಬರ್ತಾ ಇದೀನಿ ಎಂದು ಮರಳಿದ. ಇಷ್ಟು ಸರಿಯಾಗಿ ಕೂಡಿಕೊಳ್ಳುವುದರಿಂದಲೇ ನನಗೆ ನಂಬಿಕೆ ಬರುವುದಿಲ್ಲ. ಮಾರನೆಯ ವರ್ಷ ಗುಬ್ಬಿಯಲ್ಲಿ ಅವರ ಮನೆಗೆ ಹೋಗಿದ್ದೆ. ಗಂಗಾಧರಯ್ಯ ಎದುರು ಕೂತು, ನನ್ನ ತುಟಿ ನೋಡುತ್ತ ಎಲ್ಲ ಕೇಳಿಸಿಕೊಂಡು, ನಕ್ಕರು. "ಬರ್ತಾ ಇದೀನಿ ಅಂತ ನಾನೆಲ್ಲಂದೆ? ಥೂ, ಬರಬ್ಯಾಡ ಅಂತ ಬೈದೆ, ಅಷ್ಟೇ." ಸರೋಜಮ್ಮ ಕಾಫಿ ತಂದವರು, "ನಾನು ಅವರನ್ನ ಕರೆಯೋಕೆ ಇಳೀಲಿಲ್ಲಮ್ಮ. ಬಸ್ಸಲ್ಲಿ ಎಲ್ರೂ ನನ್ನ ಮುಖಾನೇ ನೋಡ್ತಿದ್ರು, ತಡೀಲಾರ್ದೆ ಇಳ್ದೆ," ಎಂದರು. ಅವರವರ ನೆನಪು ಅವರದು. ನನ್ನದೂ ಸೇರಿ ಮೂರನ್ನೂ ಕೂಡಿಸಿ ಒಂದು ಮಾಡಲು ನನಗೆ ಬರುವುದಿಲ್ಲ, ಮನಸ್ಸೂ ಇಲ್ಲ.

ಕಣಿವೆಯ ತಳದಲ್ಲಿ ಇಬ್ಬರೂ ಎದುರಾದಾಗ ಏನು ಮಾತಾಡಿಕೊಂಡಿರಿ ಎಂದು ಕೇಳಿದೆ. ಇಬ್ಬರೂ ಒಂದೇ ಉತ್ತರ ಕೊಟ್ಟದ್ದು ಇದೊಂದಕ್ಕೆ: ಏನೂ ಇಲ್ಲ. ಒಂದು ಕಲ್ಲಿನ ಮೇಲೆ ಕೂತು ದಣಿವಾರಿಸಿಕೊಂಡರಂತೆ. ಗೋಡೆಯ ಮೇಲಿನ ಚಿತ್ರ ನಾನೂ ನೋಡ್ತೀನಿ ಎಂದರಂತೆ ಸರೋಜಮ್ಮ. ಹೊತ್ತಾಗಿತ್ತು, ಆಗಲಿಲ್ಲ.

ಈಗ ಹೊಸಬರಿಗೆ ಡೆಸ್ಕ್ ಕೆಲಸ ಕಲಿಸುವಾಗ ನಾನು ಹೇಳುವುದು ಇಷ್ಟು. ಯಾರಾದರೂ ಕಾಣೆಯಾದರೆ ಮೊದಲು ಮ್ಯಾಪು ತೆಗೆಯಬೇಡಿ. ಕಳೆದುಹೋಗಿದ್ದಾರೋ ಎದ್ದುಹೋಗಿದ್ದಾರೋ ಕೇಳಿಕೊಳ್ಳಿ. ಕಳೆದುಹೋದವರಿಗೆ ದಾರಿ ಹೇಳಿದರೆ ಸಾಕು. ಎದ್ದುಹೋದವರಿಗೆ ದಾರಿ ಗೊತ್ತಿರುತ್ತದೆ; ಅವರ ಕಡೆಗೆ ಯಾರಾದರೂ ಒಬ್ಬರು ಕಷ್ಟಪಟ್ಟು ಇಳಿಯುವುದು ಅವರ ಕಣ್ಣಿಗೆ ಬೀಳಬೇಕು. ಆ ಕೆಲಸವನ್ನು ಡೆಸ್ಕಿನಲ್ಲಿ ಕೂತು ಮಾಡಲಾಗುವುದಿಲ್ಲ. ಯಾರು ಇಳಿಯಬಲ್ಲರೋ ಅವರ ಕೈಗೆ ಫೋನು ಕೊಡಿಸಿ, ಸುಮ್ಮನಿರಿ.