ಮೀನು ಹತ್ತಬಾರದ ಕೊಪ್ಪರಿಗೆ

ಹೋದ ವಾರ ತಮ್ಮನ ಮಗ ಭಾಲ್ಕಿಯಿಂದ ಬರುವಾಗ ಒಂದು ಪೆಂಟೆ ಬೆಲ್ಲ ತಂದುಕೊಟ್ಟ. ಸುತ್ತಿದ ಬಟ್ಟೆ ಬಿಚ್ಚಿದ ಕೂಡಲೇ ಬೀದರಿನ ನನ್ನ ಈ ಚಿಕ್ಕ ಅಡಿಗೆಮನೆಯ ತುಂಬ ತಳ ಹತ್ತಿದ ಪಾಕದ ವಾಸನೆ ಹರಡಿತು. ಅಂಗಡಿಯ ಬೆಲ್ಲಕ್ಕೆ ಈ ವಾಸನೆ ಇರುವುದಿಲ್ಲ. ಇದು ಕಬ್ಬಿಣದ ಕೊಪ್ಪರಿಗೆಯಲ್ಲಿ, ಸ್ವಲ್ಪ ಮೈಮರೆತು ಕಾಯಿಸಿದ ಬೆಲ್ಲದ್ದು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ನಾಲಿಗೆಗೆ ಸಿಹಿ ತಗಲುವ ಮೊದಲೇ ಭಾಲ್ಕಿಯ ಪಕ್ಕದ ಮನೆಯ ಖಾಲಾ, ನಮ್ಮ ಮುಸಲ್ಮಾನ ಚಿಕ್ಕಮ್ಮ, ನೆನಪಾದರು...

ನೆನಪನ್ನು ನಾನು ಅಷ್ಟು ಸುಲಭಕ್ಕೆ ನಂಬುವವಳಲ್ಲ. ದಿನಚರಿ ಬರೆಯುವ ಚಟ ಹತ್ತಿದ ಮೇಲೆ, ನಿನ್ನೆಯ ಸಂಗತಿಯನ್ನೇ ಇವತ್ತು ಬೇರೆಯಾಗಿ ಬರೆಯುತ್ತೇನೆಂದು ಗೊತ್ತಾಗಿದೆ. ಇನ್ನು ಎಂಟೊಂಬತ್ತು ವರ್ಷದ ಹುಡುಗಿಯಾಗಿದ್ದಾಗ ಕಂಡದ್ದನ್ನು ಹೇಗೆ ನಂಬಲಿ? ಆದರೆ ಖಾಲಾ ವಿಷಯದಲ್ಲಿ ಕೆಲವು ಸಂಗತಿಗಳಿಗೆ ನಾನು ಯಾರ ಮುಂದೆ ಬೇಕಾದರೂ ಸಾಕ್ಷಿ ಹೇಳಬಲ್ಲೆ. ಅವನ್ನಷ್ಟೇ ಬರೆಯಬೇಕೆಂದು ಕೂತಿದ್ದೇನೆ.

ಭಾಲ್ಕಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಆಚೆ ಖಾಲಾ, ಅವರ ಗಂಡ, ನನ್ನ ಓರಗೆಯ ಮಗಳು ಮುನ್ನಿ. ಖಾಲಾ ಹೊಲಿಗೆ ಹಾಕುತ್ತಿದ್ದರು. ಓಣಿಯ ಎಲ್ಲ ಮಕ್ಕಳ ಅಂಗಿಗಳೂ ಅವರ ಕೈಯಲ್ಲೇ ಆಗಬೇಕು. ರಜಾಕಾರರ ಹಾವಳಿ ಜೋರಾದಾಗ ನಾವು ಮನೆಗೆ ಬೀಗ ಹಾಕಿ ನಿಜಾಮನ ರಾಜ್ಯದ ಗಡಿಯಾಚೆ ಹೋದೆವು. ಬೀಗದ ಕೈ ಖಾಲಾ ಬಳಿ ಇತ್ತು. ವಾಪಸು ಬಂದಾಗ ಒಂದು ತಂಬಿಗೆಯೂ ಕಳೆದಿರಲಿಲ್ಲ. ತುಳಸಿಗೆ ನೀರು ಕೂಡ ತಪ್ಪಿರಲಿಲ್ಲ ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಗಿತ್ತು. ಹೆದರುವ ಸರದಿ ಗೋಡೆಯ ಆಚೆಯವರದಾಯಿತು. ಆ ದಿನಗಳಲ್ಲಿ ಖಾಲಾ ಮತ್ತು ಮುನ್ನಿ ನಮ್ಮ ಜೋಳದ ಕೋಣೆಯಲ್ಲಿದ್ದರು. ಕೆಲಸಕ್ಕೆಂದು ಬೀದರಿಗೆ ಹೋಗಿದ್ದ ಖಾಲಾ ಗಂಡ ತಿರುಗಿ ಬರಲಿಲ್ಲ. ಎಲ್ಲಿ, ಏನಾಯಿತು... ಯಾರಿಗೂ ತಿಳಿಯಲಿಲ್ಲ.

ಮಾಂಜ್ರಾ ಹೊಳೆಯಲ್ಲಿ ಆಗ ಏನೇನು ತೇಲಿ ಬಂತೆಂದು ದೊಡ್ಡವರು ಪಿಸುಗುಡುತ್ತಿದ್ದರು. ಅದು ಮಕ್ಕಳ ಕಿವಿಗೂ ಬಿತ್ತು. ಒಂದು ದಿನ ಆಟದಲ್ಲಿ ಜಗಳವಾಗಿ ಓಣಿಯ ಹುಡುಗನೊಬ್ಬ ಮುನ್ನಿಗೆ, "ಹೋಗ, ನಿಮ್ಮ ಅಬ್ಬಾ ಹೊಳ್ಯಾಗ ಇದ್ದಾನ, ಕರ್ಕೊಂಡು ಬಾ" ಎಂದುಬಿಟ್ಟ. ಆ ಮಾತಿನ ನಂತರ ಮುನ್ನಿ ನೀರಿಗೆ ಹೆದರತೊಡಗಿದಳು. ತಲೆಗೆ ನೀರು ಹಾಕಿದರೆ ಕಿರುಚುತ್ತಿದ್ದಳು. ಬಾವಿಕಟ್ಟೆಯ ಹತ್ತಿರವೂ ಬರುತ್ತಿರಲಿಲ್ಲ. ಮಾತೂ ಕಡಿಮೆಯಾಯಿತು. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಪಿಸುದನಿಯಲ್ಲಿ.

ಒಂದು ವರ್ಷ ಹೀಗೇ ಹೋಯಿತು. ಹೈದರಾಬಾದಿನಲ್ಲಿದ್ದ ಖಾಲಾ ಅಣ್ಣ, ಇನ್ನು ಒಬ್ಬಳೇ ಇರಬೇಡ, ಬಂದುಬಿಡು ಎಂದು ಹೇಳಿಕಳಿಸಿದ. ದೀಪಾವಳಿ ಕಳೆದ ಮೇಲೆ ಹೋಗುವುದೆಂದು ನಿಶ್ಚಯವಾಯಿತು. ಆಗಲೇ ಖಾಲಾ ನಮ್ಮವ್ವನ ಮುಂದೆ ಆ ಮಾತು ತೆಗೆದದ್ದು.

"ಅಕ್ಕಾ, ಹೋಗೂದಕ್ಕ ಮೊದಲ ಮುನ್ನಿಗೆ ಹೊಳಿ ತೋರಸ್ಬೇಕರಿ."

"ಹುಚ್ಚೇನು ಭಾಭಿ? ನೀರು ಕಂಡ್ರ ನಡಗ್ತದ ಕೂಸು."

"ಅದಕ್ಕೇ. ಅಲ್ಲಿ ಹೋಗಿ ಕೂತ ಮ್ಯಾಲ ಹೊಳಿ ಅಂದ್ರ ಅಕಿ ತಲ್ಯಾಗ ಆ ಹುಡುಗನ ಮಾತು ಒಂದೇ ಉಳೀತದ. ಅದರ ಮ್ಯಾಲ ಇನ್ನೊಂದು ದಿನ ಇಡಬೇಕು ನಾ. ಚೊಲೋ ದಿನ."

ಈ ಮಾತುಗಳನ್ನು ನಾನೇ ಕೇಳಿದೆನೋ, ಅವ್ವ ಆಮೇಲೆ ಹೇಳಿದಳೋ ಸ್ಪಷ್ಟವಿಲ್ಲ. ಆದರೆ 'ಅದರ ಮ್ಯಾಲ ಇನ್ನೊಂದು ದಿನ ಇಡಬೇಕು' ಎಂಬ ಮಾತು ನಮ್ಮ ಮನೆಯವರದಲ್ಲ. ಅದು ಖಾಲಾ ಮಾತೇ. ಹರಿದ ಕಡೆ ತೇಪೆ ಹಚ್ಚುವವರ ಮಾತು.

ನಮ್ಮ ದೊಡ್ಡಪ್ಪ ಸಾಯಗಾಂವದ ಕಡೆ ಹೊಳೆದಂಡೆಯಲ್ಲಿ ಕಬ್ಬು ಬೆಳೆಯುತ್ತಿದ್ದರು. ಸ್ವಂತ ಗಾಣವಿತ್ತು. ಬೆಲ್ಲ ಕಾಯಿಸುವ ಅವರ ಕೊಪ್ಪರಿಗೆ ಎಷ್ಟು ಅಗಲವೆಂದರೆ ಮಳೆಗಾಲದಲ್ಲಿ ಹೊಳೆ ತುಂಬಿದಾಗ ಔರಾದ ಕಡೆಯ ದಂಡೆಗೆ ಜನ ಅದರಲ್ಲೇ ಕೂತು ದಾಟುತ್ತಿದ್ದರು. ಪ್ರತಿ ವರ್ಷ ಗಾಣ ಹೂಡುವ ಮೊದಲು ಅದನ್ನು ಹೊಳೆಗೆ ಒಯ್ದು ಬೂದಿ, ಹುಣಸೆ ಹಾಕಿ ತಿಕ್ಕುವ ರೂಢಿ. ಸಂತೆಯ ದಿನ ದೊಡ್ಡಪ್ಪ ಮನೆಗೆ ಬಂದಾಗ ಖಾಲಾ ಅಂಗಳಕ್ಕೆ ಬಂದು ನಿಂತರು. ಅದುವರೆಗೆ ಅವರು ದೊಡ್ಡಪ್ಪನ ಜೊತೆ ಬಾಗಿಲ ಮರೆಯಿಂದಲೇ ಮಾತಾಡುತ್ತಿದ್ದವರು.

"ಅಣ್ಣಾ, ಕೊಪ್ಪರಿಗಿ ಹೊಳಿಗೆ ಯಾವಾಗ ಒಯ್ತೀರಿ?"

"ಹಬ್ಬ ಆದ ಮ್ಯಾಲ. ಯಾಕ ತಂಗೆವ್ವಾ, ನೀ ಏನು ಗಾಣ ಹೂಡಾಕಿ?"

"ಗಾಣ ನೀವೇ ಹೂಡ್ರಿ. ತಿಕ್ಕೂದಕ್ಕ ಮೊದಲ ಒಂದು ದಿನ ನಮಗ ಕೊಡ್ರಿ. ಮಕ್ಕಳನ್ನ ಕೂಡಿಸಿ ತೇಲ್ತೇವಿ. ಗಾಳ ಹಾಕ್ತೇವಿ."

"ಗಾಳ? ಲಿಂಗ ಕಟ್ಟಿದ ಮನಿ ಮಕ್ಕಳು?"

"ನಿಮ್ಮ ಮಕ್ಕಳು ಹಿಡೀಲಿ, ನಾವು ತಿಂತೇವಿ. ಪಾಪ ಅರ್ಧರ್ಧ ಆಗ್ತದ್ರಿ."

ದೊಡ್ಡಪ್ಪ ಜೋರಾಗಿ ನಕ್ಕರು. ನಗು ನಿಂತ ಮೇಲೆ ಮುನ್ನಿಯ ಕಡೆ ಒಮ್ಮೆ ನೋಡಿದರು. ಅವಳು ಗೋಡೆಗೆ ಆತು ನಿಂತಿದ್ದಳು. "ಆಯ್ತು, ಒಯ್ಯಿರಿ. ಆದ್ರ ಮೀನು ಕೊಪ್ಪರಿಗಿ ಹತ್ತಬಾರದು ನೋಡು. ಹತ್ತಿತು ಅಂತ ಗೊತ್ತಾದ್ರ ಊರಾಗ ಯಾರೂ ನನ್ನ ಬೆಲ್ಲ ಮುಟ್ಟೂದಿಲ್ಲ. ಮಠಕ್ಕ ಮೊದಲನೇ ಪೆಂಟಿ ಯಾವ ಮುಖದಿಂದ ಒಯ್ಯಲಿ?"

"ಹತ್ತೂದಿಲ್ರಿ. ಜಬಾನ್ ಕೊಡ್ತೇನಿ" ಎಂದರು ಖಾಲಾ.

ಕೊಟ್ಟ ಮಾತು ಉಳಿಸಿಕೊಳ್ಳಲು ಅವರು ಮಾಡಿದ ತಯಾರಿಯೇ ನನಗೆ ಹೊಳೆಗಿಂತ ಹೆಚ್ಚು ನೆನಪಿದೆ. ಹೊಲಿಗೆಯ ಸೂಜಿಗಳನ್ನು ಬುಡ್ಡಿಯ ಉರಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರು. ಗಾಳವಾಯಿತು. ಕೌದಿ ಹೊಲಿಯುವ ದಾರಕ್ಕೆ ಮೇಣ ತಿಕ್ಕಿದರು. ಜೋಳದ ದಂಟಿನ ಬೆಂಡು ಕತ್ತರಿಸಿ ದಾರಕ್ಕೆ ಕಟ್ಟಿದರು. ಹುಳ ಚುಚ್ಚುವುದು ಬೇಡವೆಂದು ಅವ್ವ ಹೇಳಿದ್ದಕ್ಕೆ ಗೋಧಿ ಹಿಟ್ಟಿನ ಗುಳಿಗೆ ಸಾಕೆಂದು ಒಪ್ಪಿದರು. ರೊಟ್ಟಿ, ಶೇಂಗಾ ಚಟ್ನಿಪುಡಿ ನಮ್ಮ ಮನೆಯಿಂದ. ಪೇರಲಹಣ್ಣು, ಹುರಿದ ಶೇಂಗಾ ಅವರ ಮನೆಯಿಂದ. ಯಾರ ಮನೆಯದು ಯಾರು ತಿನ್ನಬಹುದೆಂಬ ಲೆಕ್ಕವನ್ನು ಅವರಿಬ್ಬರೂ ಬಾಯಿಬಿಟ್ಟು ಆಡದೆಯೇ ಮುಗಿಸಿದ್ದರು.

ಇನ್ನು ಮೀನು ಕೊಪ್ಪರಿಗೆ ಹತ್ತದಂತೆ ಹಿಡಿಯುವುದು. ಅದಕ್ಕೆ ಖಾಲಾ ನಮ್ಮ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಕೊಪ್ಪರಿಗೆಯಷ್ಟು ಅಗಲದ ಒಂದು ಗುಂಡು ಗೆರೆ ಎಳೆದರು. ಗೆರೆಯೊಳಗೆ ನಾನು, ತಮ್ಮ, ಮುನ್ನಿ, ಖಾಲಾ. ಗೆರೆಯ ಹೊರಗೆ ಒಂದು ಬುಟ್ಟಿ. ಕೋಲಿನ ತುದಿಯಲ್ಲಿ ಮೀನಿನ ಬದಲು ಗಂಟು ಹಾಕಿದ ಚಿಂದಿ. ಗಾಳ ಎತ್ತಿದವರು ಚಿಂದಿಯನ್ನು ಗೆರೆಯೊಳಗೆ ತರದೆ ಹೊರಗಿನಿಂದಲೇ ಬುಟ್ಟಿಗೆ ಇಳಿಸಬೇಕು. ಒಬ್ಬರು ಎದ್ದರೆ ಎದುರಿನವರು ಕುಳಿತೇ ಇರಬೇಕು. ತಪ್ಪಿದವರಿಗೆ ಎಲ್ಲರೂ, "ಮುಳಗಿದಿ, ಮುಳಗಿದಿ!" ಎನ್ನಬೇಕು. ತಮ್ಮ ದಿನಕ್ಕೆ ಹತ್ತು ಸಲ ಮುಳುಗುತ್ತಿದ್ದ. ಮುನ್ನಿ ಒಮ್ಮೆಯೂ ಮುಳುಗಲಿಲ್ಲ. ಒಣ ಅಂಗಳದಲ್ಲಿ ಅವಳಿಗೆ ಏನೂ ಹೆದರಿಕೆಯಿರಲಿಲ್ಲ.

ಹೋಗುವ ದಿನ ಬಂತು. ಬಂಡಿಯಲ್ಲಿ ಹೊರಟೆವು. ಹೊಳೆ ತಿಳಿಯಾಗಿ, ನಿಧಾನವಾಗಿ ಹರಿಯುತ್ತಿತ್ತು. ದೊಡ್ಡಪ್ಪ ಕೊಪ್ಪರಿಗೆಯ ಹಿಡಿಕೆಗೆ ಹಗ್ಗ ಕಟ್ಟಿ ದಂಡೆಯಲ್ಲಿ ಕಾಯುತ್ತಿದ್ದರು. ಹಗ್ಗ ಅವರ ಕೈಯಲ್ಲೇ ಇರಬೇಕೆಂಬುದು ಅವ್ವನ ಷರತ್ತು. ಎಲ್ಲ ಸರಿಯಿತ್ತು. ಮುನ್ನಿ ಮಾತ್ರ ಬಂಡಿಯಿಂದ ಇಳಿಯಲಿಲ್ಲ. ಬಂಡಿಯ ಗೂಟವನ್ನು ಎರಡೂ ಕೈಯಿಂದ ಅವುಚಿ ಹಿಡಿದು ಕಣ್ಣು ಮುಚ್ಚಿಕೊಂಡಳು.

ಅವ್ವ ಪುಸಲಾಯಿಸಿದಳು. ತಮ್ಮ, "ಏ ಪುಕ್ಕಲಿ" ಎಂದು ಅಣಕಿಸಿ ಅವ್ವನಿಂದ ಏಟು ತಿಂದ. ಖಾಲಾ ಕೊಪ್ಪರಿಗೆ ತಿಕ್ಕಲೆಂದು ತಂದಿದ್ದ ಬೂದಿಯ ಚೀಲ ಬಿಚ್ಚಿದರು. ನೀರಿನ ಅಂಚಿನ ಉಸುಕಿನ ಮೇಲೆ, ಅಂಗಳದಲ್ಲಿ ಎಳೆದಂಥದೇ ಒಂದು ಗುಂಡು ಗೆರೆ ಎಳೆದು ಅದರೊಳಗೆ ತಾವು ದಿನಾ ಕೂರುವ ಜಾಗದಲ್ಲಿ ಕುಳಿತರು. ನಮ್ಮನ್ನೂ ಕಣ್ಣಲ್ಲೇ ಕರೆದರು. ನಾನೂ ತಮ್ಮನೂ ಕುಳಿತೆವು. ಒಂದು ಜಾಗ ಖಾಲಿ ಉಳಿಯಿತು. ಖಾಲಾ ಚಿಂದಿ ಕಟ್ಟಿದ ಕೋಲು ಎತ್ತಿ, ಬೇಕೆಂದೇ ಚಿಂದಿಯನ್ನು ಗೆರೆಯೊಳಗೆ ಬೀಳಿಸಿದರು. ಹಿಂದಿನಿಂದ ಸಣ್ಣ ದನಿ ಕೇಳಿಸಿತು.

"ಮುಳಗಿದಿ, ಅಮ್ಮೀ."

ಮುನ್ನಿ ಇಳಿದು ಬಂದು ತನ್ನ ಜಾಗದಲ್ಲಿ ಕುಳಿತಳು. ಒಂದೆರಡು ಸಲ ಆಟವಾಡಿದೆವು. ಆಮೇಲೆ ಖಾಲಾ ನಮ್ಮನ್ನೆಲ್ಲ ಎಬ್ಬಿಸಿ, ದೊಡ್ಡಪ್ಪನಿಗೆ ಹೇಳಿ ಕೊಪ್ಪರಿಗೆಯನ್ನು ಅದೇ ಗೆರೆಯ ಮೇಲೆ ಇಡಿಸಿದರು. "ಗೆರಿ ಕಬ್ಬಿಣದ್ದಾತು, ಅಷ್ಟೇ ಬೇಟಾ" ಎಂದರು. ಮುನ್ನಿ ನನ್ನ ಲಂಗದ ಚುಂಗು ಹಿಡಿದು ಒಳಗೆ ಕಾಲಿಟ್ಟಳು. ತಳಕ್ಕೆ ಅಂಟಿದ್ದ ಹೋದ ವರ್ಷದ ಬೆಲ್ಲ ಬರಿಗಾಲಿಗೆ ಮೆತ್ತಗೆ ಹತ್ತಿತು. ಬಿಸಿಲಿಗೆ ಕಾದ ಕಬ್ಬಿಣ, ಸುಟ್ಟ ಪಾಕ, ಹೊಳೆಯ ನೀರು... ಈ ವಾಸನೆಯೇ ಹೋದ ವಾರ ನನ್ನ ಅಡಿಗೆಮನೆಗೆ ಬಂದದ್ದು.

ದೊಡ್ಡಪ್ಪ ನೂಕಿದರು. ಕೊಪ್ಪರಿಗೆ ತೇಲಿತು. ತೇಲಿದ್ದೇ ಮೆಲ್ಲಗೆ ತಿರುಗತೊಡಗಿತು. ಭಾಲ್ಕಿಯ ದಂಡೆ ಹೋಗಿ ಔರಾದ ದಂಡೆ ಬಂತು, ಅದು ಹೋಗಿ ಮತ್ತೆ ಇದು. ಹಿಂದೆ ದಾರಕ್ಕೆ ಕಟ್ಟಿದ ಬುಟ್ಟಿ ನೀರಿನಲ್ಲಿ ತೇಲಿಕೊಂಡು ಬರುತ್ತಿತ್ತು. ಎಲ್ಲರೂ ಗಾಳ ಇಳಿಬಿಟ್ಟು ಕುಳಿತೆವು. ಮುನ್ನಿಯ ಬೆಂಡು ಒಮ್ಮೆ ಅಲ್ಲಾಡಿತು, ಮತ್ತೆ ಅಲ್ಲಾಡಿ ಮುಳುಗಿತು. ಅವಳು ಎದ್ದು ನಿಂತು ಕೋಲು ಎತ್ತಿದಳು. ಅಂಗಳದಲ್ಲಿ ಕಲಿತದ್ದೆಲ್ಲ ಆ ಕ್ಷಣದಲ್ಲಿ ಮರೆತುಹೋಯಿತು. ಮೀನು ಬಿಸಿಲಲ್ಲಿ ಹೊಳೆಯುತ್ತ ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ನೇರ ಕೊಪ್ಪರಿಗೆಯ ನಡುವೆ ಬಂದು ಬಿತ್ತು. ಕಬ್ಬಿಣದ ಮೇಲೆ ಪಟಪಟ ಹೊಡೆದುಕೊಂಡಿತು.

"ಹಿಡದೆ! ಅಮ್ಮೀ, ನಾ ಹಿಡದೆ!" ಮುನ್ನಿ ಕೂಗಿದಳು. ಎರಡೂ ದಂಡೆಗೆ ಕೇಳುವಂತೆ ಕೂಗಿದಳು. ಒಂದು ವರ್ಷದಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು.

ತಮ್ಮ ಇವತ್ತಿಗೂ ಆ ಮೀನು ಹಿಡಿದದ್ದು ತಾನೆಂದು ಹೇಳುತ್ತಾನೆ. ಹೇಳಲಿ. ಅವನ ಗಾಳಕ್ಕೆ ಆ ದಿನ ಸಿಕ್ಕಿದ್ದು ಪಾಚಿ.

ಖಾಲಾ ಮುಖ ಬಿಳಿಚಿಕೊಂಡಿತ್ತು. ಮಗಳು ಕುಣಿಯುತ್ತಿದ್ದಾಳೆ. ಕೊಟ್ಟ ಮಾತು ಕಾಲ ಬಳಿ ಬಿದ್ದು ಒದ್ದಾಡುತ್ತಿದೆ. ದಂಡೆಯಿಂದ ದೊಡ್ಡಪ್ಪ ಹಗ್ಗ ಬಿಗಿ ಮಾಡಿ ಕೂಗಿದರು.

"ತಂಗೆವ್ವಾ, ಹತ್ತಿದ್ದು ಮೀನೇನು?"

"ಹೌದ್ರಿ ಅಣ್ಣಾ. ಮೀನೇ."

ದೊಡ್ಡಪ್ಪ ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡರು. "ದೊಡ್ಡದದೇನು?"

"ಗೇಣುದ್ದ ಅದರಿ."

"ಹಂಗಾದ್ರ ಚೊಲೋ ತಿಕ್ಕಬೇಕಾಗ್ತದ" ಎಂದು ದೊಡ್ಡಪ್ಪ ಹಗ್ಗ ಸಡಿಲ ಬಿಟ್ಟರು. ಕೊಪ್ಪರಿಗೆ ಮತ್ತೆ ತಿರುಗತೊಡಗಿತು.

ರೊಟ್ಟಿ ತಿಂದಾದ ಮೇಲೆ ಕೊಪ್ಪರಿಗೆಯನ್ನು ದಂಡೆಗೆ ಎಳೆದರು. ಖಾಲಾ ಸೆರಗು ಸಿಕ್ಕಿಸಿ ತಿಕ್ಕಲು ಕುಳಿತರು. ಪ್ರತಿ ವರ್ಷ ಆ ಕೆಲಸ ಆಳುಗಳದ್ದು. ಅವ್ವ ಕೈಹಾಕಲು ಹೋದರೆ, "ಜಬಾನ್ ನಂದು, ಕೈಯೂ ನಂದೇ ಅಕ್ಕಾ" ಎಂದು ಸರಿಸಿದರು. ಬೂದಿ, ಹುಣಸೆ, ಉಸುಕು, ಮತ್ತೆ ಬೂದಿ. ಮುನ್ನಿ ಮೊಣಕಾಲಿನವರೆಗೆ ಹೊಳೆಯಲ್ಲಿ ನಿಂತು ತಂಬಿಗೆಯಿಂದ ನೀರು ಮೊಗೆದು ಮೊಗೆದು ಕೊಡುತ್ತಿದ್ದಳು. ತಾನು ನೀರಿನಲ್ಲಿ ನಿಂತಿದ್ದೇನೆಂಬುದು ಅವಳಿಗೆ ಮರೆತೇ ಹೋಗಿತ್ತು. ಖಾಲಾ ತಲೆ ಎತ್ತಿ ಅವಳನ್ನು ನೋಡಿದರು. ಮತ್ತೆ ಬಗ್ಗಿ ತಿಕ್ಕಿದರು. ಈ ಚಿತ್ರದ ಬಗ್ಗೆ ನನಗೆ ಅನುಮಾನವಿಲ್ಲ. ಇದನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ. ನಾನೇ ನೋಡಿದ್ದು.

ಕೊನೆಗೆ ದೊಡ್ಡಪ್ಪನನ್ನು ಕರೆದು, "ಮೂಸಿ ನೋಡ್ರಿ ಅಣ್ಣಾ" ಎಂದರು. ದೊಡ್ಡಪ್ಪ ಕೊಪ್ಪರಿಗೆಯೊಳಗೆ ಬಗ್ಗಿ ಉಸಿರೆಳೆದರು. "ಇಲ್ಲವ್ವಾ. ಏನೂ ಇಲ್ಲ."

ಆ ಸಂಜೆ ಗೋಡೆಯ ಆಚೆಯಿಂದ ಮೀನಿನ ಸಾರಿನ ವಾಸನೆ ಬಂತು. ಮುನ್ನಿ ಏನೋ ಹೇಳುತ್ತಿದ್ದಳು, ನಿಲ್ಲಿಸದೆ. ಅವ್ವ ಬಾಗಿಲು ಮುಚ್ಚಲಿಲ್ಲ.

ಗಾಣ ಹೂಡುವ ಮೊದಲೇ ಅವರು ರೈಲು ಹತ್ತಿದರು. ಊರಲ್ಲಿ ಸುದ್ದಿ ಹೇಗೋ ಹರಡಿತ್ತು. ಮೊದಲ ಬೆಲ್ಲ ಇಳಿದ ದಿನ ಸೇರಿದವರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ದೊಡ್ಡಪ್ಪ ಮಠದ ಸ್ವಾಮಿಗಳಿಗೆ ನಡೆದದ್ದನ್ನೆಲ್ಲ ಮೊದಲೇ ಹೇಳಿ ಬಂದಿದ್ದರು. ಸ್ವಾಮಿಗಳು ಏನೆಂದರೋ ದೊಡ್ಡಪ್ಪ ನಮಗೆ ಹೇಳಲಿಲ್ಲ. ಎಲ್ಲರೆದುರು ಒಂದು ತುಂಡು ಮುರಿದು ತಾವು ತಿಂದು, ಮೊದಲನೇ ಪೆಂಟೆಯನ್ನು ಬಗಲಲ್ಲಿಟ್ಟುಕೊಂಡು ಮಠದ ದಾರಿ ಹಿಡಿದರು. ಉಳಿದವರೂ ಕೈಚಾಚಿದರು. ಎರಡನೇ ಪೆಂಟೆ ಖಾಲಾಗೆಂದು ಅವ್ವ ಎತ್ತಿಟ್ಟಳು. ಹೈದರಾಬಾದಿಗೆ ಹೋಗುವವರು ಯಾರೂ ಸಿಗಲಿಲ್ಲ. ಮಳೆಗಾಲ ಬಂತು, ಬೆಲ್ಲ ಗಡಿಗೆಯಲ್ಲೇ ಕರಗಿ ಹರಿಯಿತು...

ನಾನು ಮುಂದೆ ಎಂ.ಎ. ಓದಲು ಹೈದರಾಬಾದಿಗೆ ಹೋದಾಗ ಹುಡುಕಿದೆ. ಅವರ ಅಣ್ಣ ಇದ್ದ ಓಣಿಯಲ್ಲಿ, ಹೌದು, ಹೊಲಿಗೆ ಹಾಕುವ ಒಬ್ಬ ಹೆಂಗಸು ಇದ್ದಳು, ಮಗಳ ಮದುವೆಯಾದ ಮೇಲೆ ಎಲ್ಲಿಗೋ ಹೋದಳು ಎಂದರು. ಅಷ್ಟೇ. ಖಾಲಾ ಈಗ ಇರಲು ಸಾಧ್ಯವಿಲ್ಲ. ಮುನ್ನಿ ಇದ್ದರೆ ನನ್ನಂತೆಯೇ ಮುದುಕಿ. ಹೊಳೆ ಎಂದರೆ ಅವಳಿಗೆ ಯಾವ ದಿನ ನೆನಪಾಗುತ್ತದೆಂದು ಕೇಳಲು ನನಗೆ ದಾರಿಯಿಲ್ಲ. ಖಾಲಾ ಮೇಲಿಟ್ಟ ದಿನವೇ ನೆನಪಾಗುತ್ತದೆ ಎಂದು ನಂಬಿದ್ದೇನೆ. ಇಷ್ಟು ಅನುಮಾನದ ಸ್ವಭಾವದ ನಾನು ಇದೊಂದನ್ನು ಗಟ್ಟಿಯಾಗಿ ನಂಬಿದ್ದೇನೆ.

ಆ ಕೊಪ್ಪರಿಗೆ ಎಂದೋ ಗುಜರಿಗೆ ಹೋಗಿದೆ. ಈಗ ಬಂದಿರುವ ಬೆಲ್ಲ ಬೇರೆ ಯಾರದೋ ಗಾಣದ್ದು. ಗೊತ್ತಿದ್ದೂ ಪೆಂಟೆಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಜೋರಾಗಿ ಉಸಿರೆಳೆದೆ. ಎಲ್ಲಾದರೂ ಒಂದಿಷ್ಟು ಮೀನಿನ ವಾಸನೆ ಸಿಕ್ಕೀತೇನೋ ಎಂದು.

ಇಲ್ಲ. ಅಷ್ಟು ಚೆನ್ನಾಗಿ ತಿಕ್ಕಿ ಹೋಗಿದ್ದಾರೆ.