ರಣಕೇತುವಿಗೆ ಬೆಂಕಿ ಹಚ್ಚಿದವನು

ನಯಾಜ್‌ನ ಬಲಗೈ ಸುಟ್ಟದ್ದು ಅವನ ತಪ್ಪಿನಿಂದಲ್ಲ. ಬೆಂಕಿ ಹಚ್ಚಿದವನು ನಾನು. ಅವನೇ ಹಚ್ಚಿದ ಎಂದು ಅವನ ತಂದೆಗೆ ಹೇಳಿದವನೂ ನಾನೇ.

ಆಗ ನಾವಿಬ್ಬರೂ ಮುಳಬಾಗಿಲಿನಲ್ಲಿ ಕಾಲೇಜು ಓದುತ್ತಿದ್ದೆವು. ಮೊಬೈಲಿನಲ್ಲೇ ಸಿನಿಮಾ ತೆಗೆಯುವ ಹುಚ್ಚು ನನಗೆ — ನಕ್ಷತ್ರಗಳ ನಡುವೆ ನಡೆಯುವ ಯುದ್ಧದ ಕಥೆ. ಅದರ ನಾಯಕ ಮನುಷ್ಯನಲ್ಲ, ಒಂದು ಯುದ್ಧನೌಕೆ. ಹೆಸರು ರಣಕೇತು. ತನ್ನವರ ಗ್ರಹ ಉಳಿಸಲು ಶತ್ರುಪಡೆಗೆ ಒಂಟಿಯಾಗಿ ಎದುರು ನಿಂತು, ಕೊನೆಗೆ ಉರಿದುಹೋಗುವ ನೌಕೆ. ಕಥೆ ಬರೆದದ್ದು ನಾನು. ನೌಕೆಯನ್ನು ಕಟ್ಟಿದ್ದು ನಯಾಜ್. ಅವನ ತಂದೆ ತಗಡಿನ ಪೆಟ್ಟಿಗೆ ಮಾಡುತ್ತಿದ್ದರು. ಅಂಗಡಿಯಲ್ಲಿ ಉಳಿದ ತಗಡಿನ ಚೂರುಗಳಿಂದ ಅದರ ಮೈ ಮಾಡಿದ, ಸೈಕಲ್ ಕಡ್ಡಿಗಳಿಂದ ಫಿರಂಗಿ ಮಾಡಿದ, ಕಿಟಕಿಗಳಿಗೆ ಒಡೆದ ಬಳೆಯ ಗಾಜು ಕೂರಿಸಿದ. ಒಳಗೆ ಸಣ್ಣ ದೀಪ ಹತ್ತಿದಾಗ — ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ನೋಡಿದವರೆಲ್ಲ ನೌಕೆಯನ್ನೇ ಹೊಗಳುತ್ತಿದ್ದರು, ನನ್ನ ಕಥೆಯನ್ನಲ್ಲ.

ಕೊನೆಯ ದೃಶ್ಯಕ್ಕೆ ಊರ ಹತ್ತಿರದ ಆವನಿ ಬೆಟ್ಟದ ಬಂಡೆಗಳ ನಡುವೆ ಹೋದೆವು, ನಾವಿಬ್ಬರೇ. ಮೊಬೈಲನ್ನು ಕಲ್ಲಿಗೆ ಒರಗಿಸಿಟ್ಟೆ. ಕೋಲಿನ ತುದಿಗೆ ತಂತಿಯಲ್ಲಿ ನೌಕೆಯನ್ನು ತೂಗುಹಾಕಿ ನಯಾಜ್ ಎತ್ತಿ ಹಿಡಿದಿದ್ದ. ಅದರೊಳಗೆ ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆ ತುರುಕಿದ್ದು ನಾನು.

“ಲೇ ಮಂಜು, ಮೊದ್ಲು ಕೋಲನ್ನ ಬಂಡೆ ಸಂದಿಗೆ ಸಿಗಿಸ್ತೀನಿ, ಆಮೇಲೆ ಹಚ್ಚು ಕಣೋ” ಎಂದ.

ಬೆಳಕು ಹೋಗುತ್ತಿತ್ತು. ನಾನು ಕಾಯಲಿಲ್ಲ — ಕಡ್ಡಿ ಗೀರಿದೆ. ತಂತಿ ಕಳಚಿ, ಉರಿಯುವ ತಗಡು ಅವನ ಕೈಮೇಲೆ ಬಿತ್ತು.

ಆಸ್ಪತ್ರೆಯಲ್ಲಿ ಅವನ ತಂದೆ ಕೇಳಿದರು: “ಬೆಂಕಿ ಯಾರಪ್ಪಾ ಹಚ್ಚಿದ್ದು?”

“ಬೇಡ ಅಂದೆ. ಕೇಳ್ಲಿಲ್ಲ. ಅವ್ನೇ ಹಚ್ಬಿಟ್ಟ.”

ಮಂಚದ ಮೇಲೆ ನಯಾಜ್ ಎಚ್ಚರವಾಗಿಯೇ ಇದ್ದ. ನನ್ನತ್ತ ನೋಡಿದ. ಆಮೇಲೆ ಗೋಡೆಯತ್ತ ಮುಖ ತಿರುಗಿಸಿದ.

ಗಾಯ ಮಾಯಿತು; ಬೆರಳುಗಳು ಈಗಲೂ ಪೂರ್ತಿ ಮಡಚುವುದಿಲ್ಲ. ಬುದ್ಧಿಯಿಲ್ಲದವನು ಎಂದು ತಂದೆ ಅವನನ್ನು ಮತ್ತೆ ಅಂಗಡಿಯ ಕೆಲಸಕ್ಕೆ ಕೂರಿಸಲಿಲ್ಲ. ಈಗ ನರಸಾಪುರದ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುತ್ತಾನೆ. ನಾನೋ — ಅವರ ಮನೆಗೆ ಹೋಗುವುದನ್ನೇ ಬಿಟ್ಟೆ. ಅವನು ಬೀದಿಯಲ್ಲಿ ಕಂಡರೆ ಫೋನನ್ನು ಕಿವಿಗಿಟ್ಟುಕೊಂಡು ತಿರುಗಿ ನಿಲ್ಲುತ್ತಿದ್ದೆ. ಹೌದು, ಅಷ್ಟು ಸಣ್ಣವನಾದೆ. ಆ ದೃಶ್ಯ ಮಾತ್ರ ಚೆನ್ನಾಗಿ ಬಂದಿತ್ತು. ಅದನ್ನು ಎಷ್ಟೋ ಸಲ ನೋಡಿದ್ದೇನೆ, ಅವನ ಕೂಗು ಕೇಳದಂತೆ ಮೊಬೈಲಿನ ದನಿ ನಿಲ್ಲಿಸಿ.

ಕಳೆದ ತಿಂಗಳು ಅವನ ತಂದೆ ತೀರಿಕೊಂಡರು — ನನ್ನ ಸುಳ್ಳನ್ನು ನಂಬಿಕೊಂಡೇ. ಸುದ್ದಿ ತಿಳಿದು ಕೆಲವು ದಿನಗಳ ಮೇಲೆ ಹೋದೆ. ನಯಾಜ್ ಕೆಲಸಕ್ಕೆ ಹೋಗಿದ್ದ. ಅವನ ತಾಯಿಯ ಮುಂದೆ ಕೂತು ಎಲ್ಲ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಅವತ್ತೇ ಹೇಳಿದ್ದ ಬೇಟಾ ನಂಗೆ. ಅಬ್ಬಾಗೆ ಹೇಳ್ಬೇಡ ಅಮ್ಮೀ, ಆಮೇಲೆ ಮಂಜುನ ಮನೆಗೆ ಸೇರ್ಸಲ್ಲ ಅಂದ.”

ನಾನು ಬರುತ್ತಿರಲಿ ಎಂದು ಅವನು ಬೈಗುಳವನ್ನೆಲ್ಲ ಹೊತ್ತ. ನಾನು ಬರಲೇ ಇಲ್ಲ.

ಅವರು ಕೊಟ್ಟ ಚಹಾವನ್ನು ಅಲ್ಲೇ ಬಿಟ್ಟು ಎದ್ದೆ. ಹೊರಗೆ ಜಗಲಿಯ ಮೇಲೆ ಕಾದು ಕೂತೆ. ಕಂಪನಿ ಬಸ್ಸಿಳಿದು ಬಂದ ನಯಾಜ್ ನನ್ನನ್ನು ನೋಡಿ ಒಂದು ಕ್ಷಣ ನಿಂತ. ಆಮೇಲೆ ಎಡಗೈಯಿಂದ ಬಾಗಿಲು ತಳ್ಳಿದ.

“ಒಳಗ್ ಬಾರೋ, ಯಾಕ್ ಹೊರಗೆ ಕೂತಿದ್ದೀಯ?”

“ಬೆಂಕಿ ಹಚ್ಚಿದ್ದು ನಾನು ಕಣೋ” ಎಂದೆ. ಅವನಿಗೂ ಗೊತ್ತಿತ್ತು, ಒಳಗಿದ್ದ ಅವನ ತಾಯಿಗೂ ಗೊತ್ತಿತ್ತು. ಆ ಮಾತನ್ನು ಕೇಳಬೇಕಾಗಿದ್ದವರು ಮಾತ್ರ ಆ ಮನೆಯಲ್ಲಿ ಇರಲಿಲ್ಲ.