ಮುಳುಗಡಿ ನೌಕರಿ

ನವನಗರದ ಮನೆಗಳಲ್ಲಿ ಮುಳುಗಡೆ ಎಂದರೆ ಒಂದು ಅರ್ಹತೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಆಸ್ತಿ ಕಳೆದುಕೊಂಡ ಕುಟುಂಬಕ್ಕೆ ಸರ್ಕಾರಿ ನೇಮಕಾತಿಯಲ್ಲಿ ಮೀಸಲಿದೆ, ಆದರೆ ಮನೆಗೊಬ್ಬರಿಗೆ, ಪ್ರಮಾಣಪತ್ರ ಯಾರ ಹೆಸರಿಗಿದೆಯೋ ಅವರಿಗೆ ಮಾತ್ರ. ಹೀಗಾಗಿ ಸಂಬಂಧ ಬೆಳೆಸಲು ಬಂದವರು ಜಾತಕಕ್ಕಿಂತ ಮೊದಲು ‘ಮುಳುಗಡಿ ಯಾರ ಹೆಸರಿಲೆ ಐತ್ರಿ?’ ಎಂದು ಕೇಳುತ್ತಾರೆ. ಹಳೆಯ ಬಾಗಲಕೋಟೆಯ ಮನೆಯೂ ಹೊಲವೂ ನೀರಿನಡಿ ಸೇರಿದ ಮೇಲೆ ಕಿರಾಣಿ ಅಂಗಡಿ ಇಟ್ಟ ಅಮಾತೆಪ್ಪನಿಗೆ ಒಂದೇ ನಂಬಿಕೆ: ಆ ನೀರು ತನಗೆ ಏನಾದರೂ ಮರಳಿ ಕೊಡುವುದಿದ್ದರೆ ಅದು ಮಗ ಸಂಗಮೇಶನ ನೌಕರಿಯೇ.

ಸಂಗಮೇಶ ಪದವಿ ಮುಗಿಸಿ ಕುಳಗೇರಿ ಕ್ರಾಸಿನಲ್ಲಿ ಮತೀನ ಮಾಸ್ತರರ ಬಳಿ ನಾಟಕದ ಪರದೆ ಬರೆಯುತ್ತಿದ್ದ. ಸುತ್ತಲಿನ ಊರುಗಳಲ್ಲಿ ನಾಟಕ ಆಡುವವರು ಅರಮನೆ, ಬೀದಿ, ಕಾಡುಗಳನ್ನು ಬಟ್ಟೆಯ ಸುರುಳಿಗಳಾಗಿ ಅವರಿಂದಲೇ ಬಾಡಿಗೆಗೆ ಒಯ್ಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೂ ಮಾಸ್ತರರಿಗೆ ಗಿರಾಕಿ ತಪ್ಪಿರಲಿಲ್ಲ. ‘ಫ್ಲೆಕ್ಸ್ ಮ್ಯಾಲೆ ದೀಪ ಬಿದ್ರ ಕಣ್ಣಿಗೆ ಹೊಡೀತೈತಿ. ಪರದಿ ಹಂಗಲ್ಲ, ದೀಪಾನ ಕುಡೀತೈತಿ’ ಎನ್ನುತ್ತಿದ್ದರು. ಅವರ ಮಕ್ಕಳು ಯಾರೂ ಕುಂಚ ಹಿಡಿದಿರಲಿಲ್ಲ. ಒಂದು ದಿನ ಮಾಸ್ತರರು ಸಂಗಮೇಶ ಬರೆದ ಕಾಡನ್ನು ದೂರದಿಂದ ಬಹಳ ಹೊತ್ತು ನೋಡಿ, ‘ಬೋರ್ಡಿನ್ಯಾಗ ನನ್ನ ಹೆಸರಿನ ಬಾಜೂಕ ನಿಂದೂ ಬರಕೋಲೇ’ ಎಂದರು. ಸಂಗಮೇಶನಿಗೆ ಅದಕ್ಕಿಂತ ದೊಡ್ಡ ನೇಮಕಾತಿ ಬೇಕಿರಲಿಲ್ಲ.

ಗುಮಾಸ್ತರ ಹುದ್ದೆಗಳಿಗೆ ಅರ್ಜಿ ಕರೆದದ್ದು ಆಗಲೇ. ಅವನ ತಂಗಿ ನೇತ್ರಾ ಬಿ.ಕಾಂ. ಮುಗಿಸಿ, ಅದೇ ಪರೀಕ್ಷೆಗಾಗಿ ದಿನವೂ ಗ್ರಂಥಾಲಯಕ್ಕೆ ಹೋಗಿ ಓದುತ್ತಿದ್ದಳು. ಊಟಕ್ಕೆ ಕೂತಾಗ ಸಂಗಮೇಶ ಮಾತು ತೆಗೆದ.

‘ಅಪ್ಪಾ, ಮುಳುಗಡಿ ನೇತ್ರಾನ ಹೆಸರಿಗೆ ಮಾಡಸ್ರಿ. ನನಗ ನೌಕರಿ ಬ್ಯಾಡ, ಅಕಿಗೆ ಬೇಕಾಗೈತಿ.’

‘ಅಕಿ ನಾಳೆ ಮತ್ತೊಬ್ಬರ ಮನಿಗೆ ಹೋಗಾಕಿ’ ಎಂದ ಅಮಾತೆಪ್ಪ. ‘ನನ್ನ ಮನಿ ಮುಳುಗಿದ್ದು ಅವರ ಮನಿ ಬೆಳಗಾಕೇನು?’

‘ಮನಿ ಮುಳುಗುವಾಗ ನಾನೂ ಅದರಾಗ ಇದ್ದೆನಲ್ಲ?’ ಎಂದಳು ನೇತ್ರಾ.

‘ನೀ ಸುಮ್ಮನ ರೊಟ್ಟಿ ನೀಡವ್ವ.’

ರೊಟ್ಟಿ ನೀಡಿ ಅವಳು ಎದ್ದುಹೋದಳು. ಸಂಗಮೇಶನೂ ಬಗ್ಗಲಿಲ್ಲ; ಅರ್ಜಿ ಹಾಕುವುದಿಲ್ಲವೆಂದು ಹೇಳಿ ಕುಳಗೇರಿಯ ಬಸ್ಸು ಹತ್ತಿದ.

ಮರುದಿನ ಮಾಸ್ತರರೂ ಅವನೂ ನೆಲದ ಮೇಲೆ ಹಾಸಿದ ಬಟ್ಟೆಯ ಎರಡು ತುದಿಯಲ್ಲಿ ಮೊಣಕಾಲೂರಿ ಕಾಡಿಗೆ ಹಸಿರು ತುಂಬುತ್ತಿದ್ದಾಗ ಅಮಾತೆಪ್ಪ ಬಂದ. ‘ಬರ್ರಿ, ಬರ್ರಿ, ಚಾ ತರಸ್ತೇನಿ’ ಎಂದು ಮಾಸ್ತರರು ಏಳುವಷ್ಟರಲ್ಲಿ ಅವನು ತಲೆಯ ರುಮಾಲು ತೆಗೆದು ಅವರ ಮುಂದೆ, ಆ ಹಸಿ ಬಣ್ಣದ ಮೇಲೆಯೇ ಇಟ್ಟುಬಿಟ್ಟ.

‘ಮಾಸ್ತರ, ನಾ ಹೇಳಿ ಸೋತೇನಿ. ನೀವು ಬ್ಯಾಡ ಅಂದ್ರ ಅಂವ ಬರ್ತಾನ.’

ರುಮಾಲು ತೆಗೆದು ಎದುರಿಗಿಟ್ಟವನಿಗೆ ಇಲ್ಲವೆನ್ನುವ ರೂಢಿ ಈ ಸೀಮೆಯಲ್ಲಿಲ್ಲ. ಮತೀನ ಮಾಸ್ತರರು ಅದನ್ನು ಎರಡೂ ಕೈಯಿಂದ ಎತ್ತಿ, ಅಂಟಿದ ಹಸಿರನ್ನು ತಮ್ಮ ಅಂಗಿಗೆ ಒರೆಸಿ, ಅಮಾತೆಪ್ಪನ ತಲೆಗೆ ತಾವೇ ಇಟ್ಟರು. ಆಮೇಲೆ ಸಂಗಮೇಶನ ಕಡೆ ನೋಡದೆ, ‘ನಾಳಿಂದ ಬರಬ್ಯಾಡ’ ಎಂದರು.

‘ನನ್ನ ಒಂದು ಮಾತು ಕೇಳಲಿಲ್ಲಲ್ರಿ ಮಾಸ್ತರ?’

‘ನಿನ್ನ ಕೇಳೂ ಹಂಗಿದ್ದಿದ್ರ ನಿಮ್ಮಪ್ಪ ಇಲ್ಲೀತನಕ ಬರ್ತಿದ್ದನೇನು?’

ಸಂಗಮೇಶ ಅರ್ಜಿ ಹಾಕಿದ, ಪರೀಕ್ಷೆ ಬರೆದ, ಆಯ್ಕೆಯಾದ. ಮೀಸಲಿಲ್ಲದೆ ಬರೆದ ನೇತ್ರಾಳಿಗೆ ಅವನಿಗಿಂತ ಹೆಚ್ಚು ಅಂಕ ಬಂದಿದ್ದವು, ಹುದ್ದೆ ಬರಲಿಲ್ಲ. ಮುಂದಿನ ವರ್ಷ ಅವಳನ್ನು ಹುನಗುಂದಕ್ಕೆ ಮದುವೆ ಮಾಡಿ ಕೊಟ್ಟರು. ಈಗಲೂ ಫೋನು ಮಾಡಿದಾಗ ಅವಳ ಮೊದಲ ಪ್ರಶ್ನೆ ಒಂದೇ: ‘ಅಣ್ಣಾ, ನನ್ನ ನೌಕರಿ ಹೆಂಗ ನಡದೈತಿ?’ ನಗುತ್ತಲೇ ಕೇಳುತ್ತಾಳೆ.

ಸಂಗಮೇಶನನ್ನು ಹಾಕಿದ್ದು ಭೂಸ್ವಾಧೀನದ ಒಂದು ಕಚೇರಿಗೆ. ಅಣೆಕಟ್ಟಿನ ಎತ್ತರ ಹೆಚ್ಚಿದರೆ ನೀರು ಮತ್ತಷ್ಟು ಊರುಗಳಿಗೆ ಏರುತ್ತದೆ. ಹಾಗೆ ಮುಳುಗಲಿರುವ ಮನೆಗಳನ್ನು ಅಳೆದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆಯಬೇಕು. ಬರೆಯುವ ಕೂಲಿಯವನು ಬಾರದ ಒಂದು ದಿನ ಸಂಗಮೇಶ ಕುಂಚ ಕೈಗೆತ್ತಿಕೊಂಡ. ಮಾಡಬಾರದಿತ್ತು. ‘ಏನ್ರೀ, ಅಚ್ಚು ಒತ್ತಿದಂಗ ಬರೀತೀರಲ್ರಿ!’ ಎಂದು ಸಾಹೇಬರು ಹಿಗ್ಗಿದರು. ಅಂದಿನಿಂದ ಘಟಪ್ರಭೆಯ ದಂಡೆಯ ಊರುಗಳಿಗೆಲ್ಲ ಅವನನ್ನೇ ಕಳಿಸತೊಡಗಿದರು. ಅಮಾತೆಪ್ಪನಿಗೆ ಇದು ತಿಳಿದಾಗ ಅಂಗಡಿಗೆ ಬಂದವರಿಗೆಲ್ಲ ಹೇಳಿದ: ‘ಕುಂಚ ಬಿಡಿಸಿದ ಅಂತ ನನ್ನ ಬೈತಿದ್ದ. ಈಗ ನೋಡ್ರಿ, ಬಣ್ಣನೂ ಸರಕಾರದ್ದು, ಪಗಾರನೂ ಸರಕಾರದ್ದು!’

ಒಂದೂರಿನಲ್ಲಿ ಮರೆವ್ವ ಎಂಬ ಮುದುಕಿ ಬಾಗಿಲಿಗೆ ಅಡ್ಡ ನಿಂತಿದ್ದಳು. ‘ಸಣ್ಣದಾಗಿ ಬರಿಯೋ ತಮ್ಮಾ. ನೀರು ಬರೂತನಕ ಇದರಾಗ ಬಾಳುವೆ ಮಾಡಬೇಕು.’ ಅವನು ಒಪ್ಪಿ, ಕಿಟಕಿಯ ಪಕ್ಕಕ್ಕೆ ಸರಿದು, ಅಭ್ಯಾಸದಂತೆ ಮೊದಲು ಸುಣ್ಣದ ಚೌಕ ಬಳಿದು, ಅದರೊಳಗೆ ತಪ್ಪಿಲ್ಲದ ಅಂಕಿಗಳನ್ನು ಕೂಡಿಸಿದ. ಮುದುಕಿ ಹತ್ತಿರ ಬಂದು ನೋಡಿದಳು.

‘ಭಾಳ ಚಂದ ಬರದೀ. ಮುಳುಗೂ ಮನಿಗೆ ಇಷ್ಟ್ಯಾಕೋ ಚಂದ?’

ಬೈಗುಳವಾಗಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ಆ ವಾರ ಅವನು ಮತೀನ ಮಾಸ್ತರರಿಗೆ ಫೋನು ಮಾಡಿ, ಭಾನುವಾರಗಳಲ್ಲಿ ಬರಲೇ ಎಂದು ಕೇಳಿದ. ಭಾನುವಾರಕ್ಕಾದರೂ ತಾನು ಪರದೆಯವನಾಗಿ ಉಳಿಯಬಹುದೆಂಬ ಆಸೆ ಅವನಿಗೆ. ಮಾಸ್ತರರು ‘ಬಾರಲೇ, ಕಾಡು ಬಾಕಿ ಐತಿ’ ಎಂದರು.

ಭಾನುವಾರ ಮುಂಜಾನೆಯೇ ಹೋದ. ಬಟ್ಟೆ ಹಾಸಿತ್ತು, ಬಣ್ಣ ಕಲಸಿತ್ತು. ಗಿಡಗಳ ಬೊಡ್ಡೆಯಿಂದ ಆರಂಭಿಸಿದ. ದೂರ ಕೂತವರಿಗೆ ಗಿಡ ಜೀವಂತ ಕಾಣಬೇಕಾದರೆ ಅದನ್ನು ತುಸು ಸೊಟ್ಟಗೆ, ಗಾಳಿಗೆ ವಾಲಿದಂತೆ ಬರೆಯಬೇಕೆಂಬುದು ಅವನಿಗೆ ಮರೆತಿರಲಿಲ್ಲ. ಆದರೆ ಗೆರೆ ಅವನು ಬಯಸಿದಲ್ಲಿ ವಾಲದೆ ನೆಟ್ಟಗೆ ಇಳಿಯಿತು, ಎರಡನೆಯದೂ ಹಾಗೆಯೇ. ಮಾಸ್ತರರು ಎದ್ದು ಗೋಡೆಯ ತನಕ ಹಿಂದೆ ಸರಿದು ನೋಡಿದರು.

‘ಗಿಡ ಬರಿ ಅಂದ್ರ ಕಂಬ ನೆಟ್ಟೀಯಲ್ಲೋ. ಒಂದೊಂದು ನಂಬರ ಹಾಕಿಬಿಡು, ಸರಕಾರದ್ದಾಗ್ತೈತಿ.’

ಇಬ್ಬರೂ ನಕ್ಕರು. ಮೊದಲು ನಗು ನಿಲ್ಲಿಸಿದವರು ಮಾಸ್ತರರು. ಅಗಲ ಕುಂಚದಿಂದ ಆ ಎರಡು ಗಿಡಗಳನ್ನು ಅಳಿಸಿ, ‘ಕೈ ಸಡಲ ಬಿಟ್ಟು ಬರಿ’ ಎಂದರು. ಸಂಗಮೇಶ ಕೈ ಝಾಡಿಸಿಕೊಂಡು ಮತ್ತೆ ಬರೆದ. ಈ ಸಲ ಗೆರೆ ವಾಲಿತು; ಆದರೆ ವಾಲಿದ ಕಂಬದಂತೆ ವಾಲಿತು. ಅದು ಅವನಿಗೂ ಕಂಡಿತು.

ಮಾಸ್ತರರು ಬೈದಿದ್ದರೆ ಚೆನ್ನಾಗಿತ್ತು. ಅವರು ಅವನ ಕೈಯಿಂದ ಕುಂಚವನ್ನು ಮೆಲ್ಲಗೆ ತೆಗೆದುಕೊಂಡು, ‘ಸಂಜೀಕ ಬಾಡಿಗಿಯವರು ಬರ್ತಾರಪ್ಪಾ’ ಎಂದು ತಾವೇ ಬರೆಯಲು ಕೂತರು. ಯಾವಾಗಲೂ ‘ಲೇ’ ಎಂದು ಕರೆಯುತ್ತಿದ್ದವರು ಈಗ ಹೊರಗಿನವರಿಗೆ ಅನ್ನುವಂತೆ ‘ಅಪ್ಪಾ’ ಎಂದಿದ್ದರು. ಸಂಗಮೇಶ ಹಸಿರಿನ ಡಬ್ಬಿ ಹಿಡಿದು, ಅವರು ಸರಿದಂತೆಲ್ಲ ಸರಿಯುತ್ತ, ಬಟ್ಟೆಯ ಅಂಚಿನಲ್ಲಿ ನಿಂತ.